ಪೈಪು, ಫಿಟ್ಟಿಂಗ್, ಸಲ್ಯೂಷನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಪ್ಲಾಸ್ಟಿಕ್ ಪೈಪಿನ ಮಾತೇ ಜಾಸ್ತಿ. ನಾನು 9 ವರ್ಷ ಪ್ಲಂಬಿಂಗ್ ಕೆಲಸ ಮಾಡಿದೆ. ಆಮೇಲೆ 22 ವರ್ಷ ಪೈಪಿನ ಗೋದಾಮು ನೋಡಿಕೊಂಡೆ. ಎರಡೂ ಕಡೆ ಇದ್ದವನಾದ್ದರಿಂದ ಒಂದು ವಿಷಯ ಗಟ್ಟಿಯಾಗಿ ಹೇಳಬಲ್ಲೆ. ಗೋಡೆ ಒಡೆದು ಹುಡುಕುವ ಎಷ್ಟೋ ಸೋರಿಕೆಗಳು ಪೈಪು ಗೋಡೆ ಸೇರುವ ಮೊದಲೇ ಶುರುವಾಗಿರುತ್ತವೆ. ಲಾರಿಯಿಂದ ಇಳಿಸುವಾಗ, ಬಿಸಿಲಲ್ಲಿ ಬಿಟ್ಟಾಗ, ಪೈಪು ಕೂಡಿಸಲು ಹಚ್ಚುವ ಸಲ್ಯೂಷನ್ನಿನ ಡಬ್ಬಿಯ ಮುಚ್ಚಳ ಅರ್ಧ ತಿರುಗಿಸಿ ಬಿಟ್ಟಾಗ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಪಿವಿಸಿ ಪೈಪುಗಳನ್ನು ಮೊದಲೇ ತಂದು ತಾರಸಿ ಮೇಲೆ ಇಟ್ಟಿದ್ದೆವು. ಕೆಲಸ ನಿಂತು ನಾಲ್ಕು ತಿಂಗಳಾಯಿತು. ಈಗ ನೋಡಿದರೆ ಪೈಪುಗಳು ಬಿಲ್ಲಿನ ಹಾಗೆ ಬಾಗಿವೆ, ಮೇಲಿನ ಬದಿ ಕಂದು ಬಣ್ಣಕ್ಕೆ ತಿರುಗಿದೆ. ಬಳಸಬಹುದೇ, ಎಸೆಯಬೇಕೇ?

ಪೂರ್ತಿ ಎಸೆಯುವ ಅಗತ್ಯ ಬಹುಶಃ ಬರಲಿಕ್ಕಿಲ್ಲ. ಆದರೆ ನಿಮ್ಮ ಪೈಪಿಗೆ ಆಗಿರುವುದು ಎರಡು ಬೇರೆ ಬೇರೆ ತೊಂದರೆ. ಒಂದೊಂದಾಗಿ ನೋಡೋಣ.

ಬಾಗಿರುವುದು ಶಾಖದಿಂದ. ಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್ಸಿಗೆ, ಸುಮಾರು 0.06ರಿಂದ 0.08 ಮಿ.ಮೀ. ಉದ್ದವಾಗುತ್ತದೆ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಆದರೆ 6 ಮೀಟರಿನ ಪೈಪಿನ ಮೇಲ್ಬದಿ ಕೆಳಬದಿಗಿಂತ 20 ಡಿಗ್ರಿ ಜಾಸ್ತಿ ಕಾದರೆ, ಮೇಲಿನ ಬದಿ 7ರಿಂದ 10 ಮಿ.ಮೀ. ಬೆಳೆಯಲು ನೋಡುತ್ತದೆ. ಕೆಳಗಿನದು ಬೆಳೆಯುವುದಿಲ್ಲ. ಪೈಪು ಬಾಗದೆ ಇನ್ನೇನು ಮಾಡೀತು? ಅವುಗಳನ್ನು ನೆರಳಿಗೆ ತನ್ನಿ. ಸಮತಟ್ಟಾದ ಜಾಗದಲ್ಲಿ, ಉಬ್ಬಿದ ಬದಿ ಮೇಲೆ ಬರುವಂತೆ ಮಲಗಿಸಿ ಕೆಲವು ದಿನ ಬಿಡಿ. ಹೆಚ್ಚಿನವು ತಾವಾಗಿಯೇ ನೆಟ್ಟಗಾಗುತ್ತವೆ. ಆಗದವನ್ನು ಬಲವಂತವಾಗಿ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಯಬೇಡಿ. ಆ ಎಳೆತವನ್ನೆಲ್ಲ ಎಲ್ಬೋ, ಟೀಯಂಥ ತಿರುವಿನ, ಕವಲಿನ ಫಿಟ್ಟಿಂಗುಗಳ ಜಾಯಿಂಟು ಹೊರಬೇಕಾಗುತ್ತದೆ. ಅಂಥವನ್ನು ತುಂಡು ಮಾಡಿ ಗಿಡ್ಡ ಉದ್ದ ಬೇಕಾದ ಕಡೆ ಬಳಸಿ.

ಬಣ್ಣ ಹೋಗಿರುವುದು ಬಿಸಿಲಿನ ಅತಿನೇರಳೆ ಕಿರಣದಿಂದ. ಅದು ಮೇಲಿನ ತೆಳು ಪದರವನ್ನು ಮಾತ್ರ ಕೆಡಿಸುತ್ತದೆ. ಹಾಗಾಗಿ ನೀರಿನ ಒತ್ತಡ ತಡೆಯುವ ಶಕ್ತಿ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಏಟು ತಡೆಯುವ ಶಕ್ತಿ. ಸುತ್ತಿಗೆ ತಾಗಿದರೆ, ಮೇಲಿಂದ ಇಟ್ಟಿಗೆ ಬಿದ್ದರೆ ಸೀಳಿಬಿಡುತ್ತದೆ. ನಾನು ಮಾಡುತ್ತಿದ್ದ ಕೆಲಸ ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚು ಕಂದಿದ ಪೈಪನ್ನು ಆರಿಸಿ, ಅದರಿಂದ ಗೇಣುದ್ದ ಕತ್ತರಿಸಿ ವೈಸಿಗೆ ಹಾಕಿ ನಿಧಾನವಾಗಿ ಅಮುಕುತ್ತಿದ್ದೆ. ಒಳ್ಳೆ ಪೈಪು ಬಿರುಕಿಲ್ಲದೆ ಚಪ್ಪಟೆಯಾಗುತ್ತದೆ. ಬಿಸಿಲು ತಿಂದದ್ದು ಕಂದಿದ ಬದಿಯಲ್ಲೇ ಚಟ್ಟನೆ ಸೀಳುತ್ತದೆ. ಹಾಗೆ ಸೀಳಿದರೆ ಆ ಪೈಪಿಗೆ ನೀರಿನ ಲೈನಿನಲ್ಲಿ ಜಾಗವಿಲ್ಲ.

ಇನ್ನು ಮುಂದಕ್ಕೆ ಮುಚ್ಚಿಡಿ. ಹೇಗೆ ಮುಚ್ಚುತ್ತೀರಿ ಅನ್ನುವುದೂ ಮುಖ್ಯ. ಕಪ್ಪು ಟಾರ್ಪಾಲನ್ನು ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಿದರೆ ಒಳಗೆ ಒಲೆ ಹಚ್ಚಿದಂತೆ. ಅಂಥ ಒಂದು ಹೊದಿಕೆಯನ್ನು ಮಧ್ಯಾಹ್ನ ಎತ್ತಿ ನೋಡಿದ್ದೆ. ಮೇಲಿನ ಸಾಲಿನ ಪೈಪು ಕೈ ಇಡಲಾಗದಷ್ಟು ಕಾದಿತ್ತು. ಅದರ ಕೆಳಗಿನ ಸಾಲಿನಲ್ಲಿ ಮೇಲಿನ ಪೈಪು ಕೂತ ಜಾಗದಲ್ಲೆಲ್ಲ ಉದ್ದುದ್ದ ತಗ್ಗು ಬಿದ್ದಿತ್ತು. ಬಿಳಿ ಅಥವಾ ತಿಳಿ ಬಣ್ಣದ, ಬೆಳಕು ತೂರದ ಹೊದಿಕೆ ಹಾಕಿ. ಪೈಪಿಗೂ ಹೊದಿಕೆಗೂ ನಡುವೆ ಜಾಗ ಇರಲಿ, ಎರಡೂ ತುದಿಯಿಂದ ಗಾಳಿ ಓಡಾಡಲಿ. ಕೆಲಸ ಮುಗಿದ ಮೇಲೆ ಗೋಡೆಯ ಹೊರಗೆ ಉಳಿಯುವ ಪೈಪಿಗೆ ತಿಳಿ ಬಣ್ಣದ, ನೀರು ಬೆರೆಸುವ ಪೇಂಟು ಹಚ್ಚಿಸಿ. ಥಿನ್ನರ್ ಬೆರೆಸುವ ಪೇಂಟು ಪ್ಲಾಸ್ಟಿಕ್ಕಿಗೆ ಬೇಡ.

ಪ್ರಶ್ನೆ: ಸಣ್ಣ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಜಾಗ ಕಡಿಮೆ. ಪೈಪುಗಳನ್ನು ಎಷ್ಟು ಎತ್ತರಕ್ಕೆ ಪೇರಿಸಬಹುದು? ಗೋಡೆಗೆ ಒರಗಿಸಿ ನಿಲ್ಲಿಸಿದರೆ ತಪ್ಪೇ?

ಹೆಚ್ಚೆಂದರೆ ಒಂದೂವರೆ ಮೀಟರ್. ಅದಕ್ಕಿಂತ ಮೇಲೆ ಹೋಗಬೇಡಿ. ಅಡಿಗೆ ಮರದ ಪಟ್ಟಿ ಕೊಡುವಾಗ ಕನಿಷ್ಠ 75 ಮಿ.ಮೀ. ಅಗಲದ ಚಪ್ಪಟೆ ಪಟ್ಟಿ ಇರಲಿ, ಒಂದರಿಂದ ಒಂದಕ್ಕೆ ಒಂದೂವರೆ ಮೀಟರಿಗಿಂತ ಹೆಚ್ಚು ಅಂತರ ಬೇಡ. ದುಂಡನೆಯ ಗಳ ಕೊಟ್ಟರೆ ಪೂರ್ತಿ ಭಾರ ಒಂದು ಗೆರೆಯ ಮೇಲೆ ಕೂರುತ್ತದೆ. ದಪ್ಪ ಗೋಡೆಯ ದೊಡ್ಡ ಪೈಪು ಕೆಳಗೆ, ತೆಳು ಪೈಪು ಮೇಲೆ. ಎರಡೂ ಬದಿಗೆ ಊರುಗಂಬ ಇರಲೇಬೇಕು. ಪೈಪಿನ ರಾಶಿ ಜಾರಿದರೆ ಕಾಲು ಮುರಿಯಲು ಎರಡು ಕ್ಷಣ ಸಾಕು.

ಸಾಕೆಟ್ ಇರುವ ಪೈಪಾದರೆ, ಅಂದರೆ ಒಂದು ತುದಿ ಅಗಲ ಬಾಯಿಯದ್ದಾದರೆ, ಒಂದು ಸಾಲಿನ ಬಾಯಿ ಈ ಕಡೆ, ಮುಂದಿನ ಸಾಲಿನ ಬಾಯಿ ಆ ಕಡೆ ಬರಲಿ. ಆ ಬಾಯಿ ರಾಶಿಯಿಂದ ಹೊರಗೆ ಚಾಚಿಕೊಂಡಿರಲಿ. ಎಲ್ಲ ಬಾಯಿಗಳನ್ನೂ ಒಂದೇ ಕಡೆ ಇಟ್ಟರೆ ಭಾರವೆಲ್ಲ ಬಾಯಿಗಳ ಮೇಲೇ ಬಿದ್ದು ಅವು ಮೊಟ್ಟೆಯ ಆಕಾರಕ್ಕೆ ಬರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಬದಲಾವಣೆ ಇದು. ಆದರೆ ಪೈಪು ತೂರಿಸಿದಾಗ ಎರಡು ಬದಿ ಬಿಗಿ, ಎರಡು ಬದಿ ಸಡಿಲ. ಸಡಿಲ ಇರುವ ಕಡೆ ಸಲ್ಯೂಷನ್ ತುಂಬುವುದಿಲ್ಲ. ಸೋರುವುದು ಅಲ್ಲೇ.

ಒರಗಿಸುವುದು ತಪ್ಪೇ. ಇವತ್ತು ತಂದು ನಾಳೆ ಮಾರುವುದಾದರೆ ನಡೆಯುತ್ತೆ. ವಾರಗಟ್ಟಲೆ ಒರಗಿ ನಿಂತ ಪೈಪು ಹಾಗೇ ಬಾಗಿ ಉಳಿಯುತ್ತದೆ. ಜಾಗ ಉಳಿಸಲು ಸಣ್ಣ ಪೈಪನ್ನು ದೊಡ್ಡದರೊಳಗೆ ತೂರಿಸಿ ಇಡುತ್ತಾರೆ. ಸಾಗಿಸುವಾಗ ಅದು ಸರಿ. ಅಂಗಡಿಗೆ ಬಂದ ಮೇಲೆ ಹೊರಗೆ ತೆಗೆಯಿರಿ. ಒಳಗಿನ ಭಾರದಿಂದ ಅಡಿಯ ಸಾಲು ಚಪ್ಪಟೆಯಾಗುತ್ತದೆ. ನೆಲದ ಮೇಲೆ ಪೈಪನ್ನು ಎಳೆದುಕೊಂಡು ಹೋಗುವ ಹುಡುಗರಿಗೆ ಒಂದು ಮಾತು ಹೇಳಿ. ಪೈಪಿನ ಗೋಡೆಯ ದಪ್ಪದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಆಳವಾಗಿ ಗೀರು ಬಿದ್ದರೆ ಆ ತುಂಡನ್ನು ಕತ್ತರಿಸಿ ತೆಗೆಯಬೇಕು.

ಫಿಟ್ಟಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದ ಪೆಟ್ಟಿಗೆಯಲ್ಲೇ ಇಡಿ. ಚೀಲಕ್ಕೆ ಸುರಿದು ಮೂಲೆಗೆ ತಳ್ಳಬೇಡಿ. ಪಿವಿಸಿ ಬೇರೆ, ಬಿಸಿನೀರಿನ ಲೈನಿಗೆ ಬಳಸುವ ಸಿಪಿವಿಸಿ ಬೇರೆ ಕಪಾಟಿನಲ್ಲಿರಲಿ. ರಬ್ಬರ್ ರಿಂಗುಗಳನ್ನು ಮೊಳೆಗೆ ನೇತುಹಾಕುವ ಅಭ್ಯಾಸ ಎಲ್ಲ ಕಡೆ ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ತನ್ನ ಭಾರಕ್ಕೆ ತಾನೇ ಎಳೆದುಕೊಂಡು ಮೊಳೆ ತಾಗಿದ ಜಾಗದಲ್ಲಿ ರಿಂಗು ಆಕಾರ ಕಳೆದುಕೊಳ್ಳುತ್ತದೆ. ಕತ್ತಲಿನ, ತಂಪಾದ ಜಾಗದಲ್ಲಿ ಮಡಚದೆ ಮಲಗಿಸಿಡಿ. ಎಣ್ಣೆ, ಗ್ರೀಸ್ ತಾಗದಿರಲಿ. ಕರೆಂಟಿನ ಮೋಟಾರು ಓಡುವ ಜಾಗದಿಂದ ದೂರ ಇರಲಿ. ಮೋಟಾರಿನ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಸೀಳಿಸುತ್ತದೆ.

ಪ್ರಶ್ನೆ: ಸರ್, ಕೆಲಸ ಕಲಿಯುತ್ತಿರುವ ಪ್ಲಂಬರ್ ನಾನು. ಸಿಪಿವಿಸಿ ಪೈಪಿಗೆ ಸಲ್ಯೂಷನ್ ಚೆನ್ನಾಗಿ ಹಚ್ಚಿ ಕೂಡಿಸಿದ್ದೆ. ಎರಡು ತಿಂಗಳ ಮೇಲೆ ಜಾಯಿಂಟಿನ ಪಕ್ಕದಲ್ಲೇ ಪೈಪು ಉದ್ದಕ್ಕೆ ಸೀಳಿತು. ಜಾಯಿಂಟು ಮಾತ್ರ ಗಟ್ಟಿಯಾಗಿಯೇ ಇತ್ತು. ನನ್ನ ತಪ್ಪೇನು?

ತಮ್ಮಾ, ನೀನು ಕೊಟ್ಟ ವಿವರ ಓದಿದಾಗ ನನಗೆ ನನ್ನದೇ ಒಂದು ದಿನ ನೆನಪಾಯಿತು. ಚಳಿಯ ಬೆಳಿಗ್ಗೆ. ಇಪ್ಪತ್ತು ಸಿಪಿವಿಸಿ ಪೈಪುಗಳ ಕಟ್ಟು. ಲಾರಿಯವನು ಆತುರದಲ್ಲಿದ್ದ, ನಾನೂ ಆತುರದಲ್ಲಿದ್ದೆ. ಕಟ್ಟಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಲಾರಿಯಿಂದ ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ಅಷ್ಟೇನೂ ಎತ್ತರವಲ್ಲ, ಸೊಂಟದಷ್ಟು. ಪೈಪು ನೋಡಿದೆ, ಎಲ್ಲ ಸರಿ ಇತ್ತು. ಒಳಗೆ ಇಟ್ಟೆ. ಅದೇ ಪೈಪಿನಲ್ಲಿ ಮೂರು ಸ್ನಾನದ ಮನೆಗಳ ಬಿಸಿನೀರಿನ ಲೈನು ಎಳೆದೆವು. ಐದು ವಾರಕ್ಕೆ ಮೊದಲ ಟೈಲ್ಸ್ ಒಡೆಸಿದರು.

ಸೀಳಿದ ತುಂಡನ್ನು ಮನೆಗೆ ತಂದು ದೀಪದ ಕೆಳಗೆ ಹಿಡಿದು ನೋಡಿದೆ. ಹೊರಗಿನಿಂದ ಏನೂ ಇಲ್ಲ. ಒಳಗೋಡೆಯಲ್ಲಿ, ತುದಿಯಿಂದ ಶುರುವಾಗಿ, ತಲೆಕೂದಲಿನಂಥ ಗೆರೆ. ಉಗುರು ಆಡಿಸಿದರೂ ಸಿಕ್ಕುತ್ತಿರಲಿಲ್ಲ. ಬೆರಳಿನಿಂದ ಸ್ವಲ್ಪ ಪೆನ್ನಿನ ಶಾಯಿ ಸವರಿ ಬಟ್ಟೆಯಿಂದ ಒರೆಸಿದೆ. ಎಲ್ಲ ಶಾಯಿ ಹೋಯಿತು, ಆ ಗೆರೆಯಲ್ಲಿ ಮಾತ್ರ ನೀಲಿ ಉಳಿಯಿತು. ಪೈಪು ಬಿದ್ದ ದಿನ ಹುಟ್ಟಿದ ಬಿರುಕು ಅದು. ಒಳಗಿನ ಒತ್ತಡ ಏರಿಳಿದಂತೆ ದಿನಕ್ಕಿಷ್ಟು ಮುಂದಕ್ಕೆ ನಡೆದಿತ್ತು.

ಪಿವಿಸಿಗಿಂತ ಸಿಪಿವಿಸಿಯಲ್ಲಿ ಕ್ಲೋರಿನ್ ಜಾಸ್ತಿ. ಅದಕ್ಕೇ ಅದು 93 ಡಿಗ್ರಿ ತನಕ ಬಿಸಿನೀರು ತಡೆಯುತ್ತದೆ, ಪಿವಿಸಿಗೆ 60 ಡಿಗ್ರಿಯೇ ಮಿತಿ. ಆದರೆ ಏಟಿಗೆ ಸಿಪಿವಿಸಿ ನಾಜೂಕು. ಚಳಿಯಲ್ಲಿ ಇನ್ನೂ ನಾಜೂಕು. ಹಾಗಾಗಿ ಪ್ರತಿ ಪೈಪಿನ ಎರಡೂ ತುದಿಯನ್ನು ಟಾರ್ಚ್ ಹಾಕಿ ಒಳಗಿಂದ ನೋಡು. ಗೆರೆ ಕಂಡರೆ, ಅದು ಮುಗಿದ ಜಾಗದಿಂದ ಇನ್ನೂ 5 ಸೆಂ.ಮೀ. ಒಳಕ್ಕೆ ಕತ್ತರಿಸಿ ಎಸೆ. ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಚಳಿಯಲ್ಲಿ ಅಮುಕಿ ಕತ್ತರಿಸುವ ರಾಟ್ಚೆಟ್ ಕಟ್ಟರ್ ಬೇಡ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ಯಿ. ಕಟ್ಟರಿನ ಅಲಗು ಮೊಂಡಾಗಿದ್ದರಂತೂ ಬಿರುಕು ನೀನೇ ಮಾಡಿದಂತೆ.

ಇನ್ನೊಂದು ಸಾಧ್ಯತೆಯೂ ಇದೆ. ಸಲ್ಯೂಷನ್ "ಚೆನ್ನಾಗಿ ಹಚ್ಚಿ" ಅಂದಿದ್ದೀಯ. ಎಷ್ಟು ಹಚ್ಚಿದೆ? ಪೈಪಿನ ಹೊರಗೆ ಧಾರಾಳವಾಗಿ, ಫಿಟ್ಟಿಂಗಿನ ಒಳಗೆ ತೆಳ್ಳಗೆ ಹಚ್ಚಬೇಕು. ಒಳಗೇ ಜಾಸ್ತಿ ಹಚ್ಚಿದರೆ ಪೈಪು ತೂರಿಸಿದಾಗ ಅದು ಮುಂದಕ್ಕೆ ತಳ್ಳಿಕೊಂಡು ಹೋಗಿ ಒಳಗೆ ಕೊಳದಂತೆ ನಿಲ್ಲುತ್ತದೆ. ಅಲ್ಲಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತಲೇ ಇರುತ್ತದೆ. ಆ ಜಾಗ ಬಲ ಕಳೆದುಕೊಳ್ಳುತ್ತದೆ. ತೂರಿಸಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಡದೆ ಹಿಡಿದುಕೊ. ಉಳಿದದ್ದನ್ನು ಬಟ್ಟೆಯಿಂದ ಒರೆಸು. ಆಮೇಲೆ ಎಣ್ಣೆ, ಗ್ರೀಸ್, ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆಯ ವೈರು, ಇವು ಯಾವುವೂ ಸಿಪಿವಿಸಿಗೆ ಅಂಟಿಕೊಂಡಿರಬಾರದು. ಅವುಗಳಲ್ಲಿರುವ ಎಣ್ಣೆಗಳು, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕಗಳು ನಿಧಾನವಾಗಿ ಪೈಪಿನೊಳಗೆ ಇಳಿದು ಬಿರುಕು ಬಿಡಿಸುತ್ತವೆ.

ಪ್ರಶ್ನೆ: ಹೋದ ವರ್ಷ ತಂದ ಸಲ್ಯೂಷನ್ ಡಬ್ಬಿ ಅರ್ಧ ಉಳಿದಿದೆ. ತೆಗೆದು ನೋಡಿದರೆ ಜೆಲ್ಲಿಯ ಹಾಗೆ ಗಟ್ಟಿಯಾಗಿದೆ. ಪೇಂಟಿನ ಥಿನ್ನರ್ ಹಾಕಿ ಕಲಸಿದರೆ ಸರಿಹೋಗುತ್ತೆ ಅಂತಾರೆ. ಹೌದೇ?

ಇಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಇದನ್ನು ಅಂಟು ಅಂದುಕೊಂಡಿರುವುದರಿಂದಲೇ ಈ ಸಲಹೆ ಹುಟ್ಟುತ್ತದೆ. ಇದು ಅಂಟಲ್ಲ. ಟೆಟ್ರಾಹೈಡ್ರೋಫ್ಯೂರಾನ್, ಮೀಥೈಲ್ ಈಥೈಲ್ ಕೀಟೋನ್, ಸೈಕ್ಲೋಹೆಕ್ಸನೋನ್ ಎಂಬ ದ್ರಾವಕಗಳಲ್ಲಿ ಪೈಪಿನದ್ದೇ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಮಾಡಿರುತ್ತಾರೆ. ಹಚ್ಚಿದಾಗ ದ್ರಾವಕ ಪೈಪಿನ ಮೈಯನ್ನೂ ಫಿಟ್ಟಿಂಗಿನ ಮೈಯನ್ನೂ ಕರಗಿಸುತ್ತದೆ. ಎರಡೂ ಒಂದರೊಳಗೊಂದು ಬೆರೆಯುತ್ತವೆ. ದ್ರಾವಕ ಆರಿಹೋದ ಮೇಲೆ ಎರಡೂ ಒಂದೇ ತುಂಡಾಗಿ ಉಳಿಯುತ್ತವೆ. ಕಬ್ಬಿಣಕ್ಕೆ ವೆಲ್ಡಿಂಗ್ ಹೇಗೋ ಹಾಗೆ. ನಿಮ್ಮ ಡಬ್ಬಿಯಲ್ಲಿ ದ್ರಾವಕಗಳು ಹಾರಿಹೋಗಿವೆ. ಥಿನ್ನರ್ ಹಾಕಿದರೆ ನೀರಾಗಿ ಕಂಡೀತು, ಆದರೆ ಪ್ಲಾಸ್ಟಿಕ್ಕನ್ನು ಸರಿಯಾದ ಹದದಲ್ಲಿ ಕರಗಿಸುವ ಆ ಬೆರಕೆ ವಾಪಸು ಬರುವುದಿಲ್ಲ. ಕೂಡಿಸಿದ ದಿನ ಜಾಯಿಂಟು ಹಿಡಿದಂತೆ ಕಾಣುತ್ತದೆ, ಅದೇ ಅಪಾಯ. ಒಳ್ಳೆ ಸಲ್ಯೂಷನ್ ಬ್ರಷ್ಷಿನಿಂದ ಜೇನಿನ ಹಾಗೆ ಒಂದೇ ಸಮ ಇಳಿಯುತ್ತದೆ. ಗಂಟು ಗಂಟಾಗಿ ಬಿದ್ದರೆ, ನೂಲಿನ ಹಾಗೆ ಎಳೆ ಎಳೆದರೆ, ಆ ಡಬ್ಬಿಯ ಕೆಲಸ ಮುಗಿಯಿತು.

ಮುಂದಿನ ಸಲ ಚಿಕ್ಕ ಡಬ್ಬಿ ತನ್ನಿ. ತಯಾರಾದ ತಾರೀಖು ನೋಡಿ ತನ್ನಿ. ಸೀಲು ಒಡೆಯದ ಡಬ್ಬಿಗೂ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕಿಂತ ಜಾಸ್ತಿ ಆಯಸ್ಸಿಲ್ಲ. 5ರಿಂದ 32 ಡಿಗ್ರಿಯ ನಡುವೆ, ನೆಟ್ಟಗೆ ನಿಲ್ಲಿಸಿ ಇಡಿ. ಎರಡು ಜಾಯಿಂಟುಗಳ ನಡುವೆಯೂ ಮುಚ್ಚಳ ಹಾಕಿ. ಸುಮ್ನೆ ಮೇಲೆ ಇಟ್ಟರೆ ಸಾಲದು, ತಿರುಗಿಸಿ ಬಿಗಿ ಮಾಡಿ. ಡಬ್ಬಿಯ ಕಂಠದ ಸುತ್ತ ಒಣಗಿದ ಸಲ್ಯೂಷನ್ ಕಟ್ಟಿಕೊಂಡಿದ್ದರೆ ಮುಚ್ಚಳ ಕೂರುವುದೇ ಇಲ್ಲ. ಪ್ರತಿ ಸಲ ಬಟ್ಟೆಯಿಂದ ಒರೆಸಿ ಆಮೇಲೆ ಮುಚ್ಚಿ. ನನ್ನ ಗೋದಾಮಿನಲ್ಲಿ ಡಬ್ಬಿಗಳು ಕೆಟ್ಟದ್ದು ಹೆಚ್ಚಾಗಿ ಈ ಒಂದು ಕಾರಣಕ್ಕೆ. ಸಿಪಿವಿಸಿಗೆ ಸಿಪಿವಿಸಿಯ ಸಲ್ಯೂಷನ್ನೇ ಬಳಸಿ. ಪಿವಿಸಿಯ ಸಲ್ಯೂಷನ್ ಬಿಸಿನೀರಿನ ಲೈನಿಗೆ ಆಗುವುದಿಲ್ಲ.

ಪ್ರಶ್ನೆ: ನಮ್ಮ ಸ್ನಾನದ ಮನೆಯ ಪೈಪ್ ರಿಪೇರಿ ಮಾಡಿಸಿದೆವು. ಆ ಸಲ್ಯೂಷನ್ ವಾಸನೆಗೆ ನನಗೆ ತಲೆನೋವು ಬಂತು. ಉಳಿದ ಡಬ್ಬಿಯನ್ನು ಶುಚಿಗೊಳಿಸುವ ಪುಡಿ, ಬ್ಲೀಚಿಂಗ್ ಪೌಡರ್ ಇಡುವ ಕಪಾಟಿನಲ್ಲೇ ಇಟ್ಟಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇಟ್ಟುಕೊಳ್ಳಬಹುದೇ?

ಅಮ್ಮಾ, ಈ ಪುಟ ಓದಿದ ಕೂಡಲೇ ಆ ಡಬ್ಬಿಯನ್ನು ಅಲ್ಲಿಂದ ತೆಗೆಯಿರಿ. ಬ್ಲೀಚಿಂಗ್ ಪೌಡರಿನಲ್ಲಿರುವುದು ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಆ ಒಣ ಪುಡಿಯೂ ಸಲ್ಯೂಷನ್ನೂ ಸೇರಿದರೆ ಜೋರಾಗಿ ಕಾದು ಬೆಂಕಿ ಹತ್ತಬಹುದು. ಅದಕ್ಕೆ ಕಡ್ಡಿ ಗೀರಬೇಕಾಗಿಯೂ ಇಲ್ಲ. ಒಂದು ಡಬ್ಬಿ ಸೋರಿ, ಒಂದು ಪೊಟ್ಟಣ ಹರಿದರೆ ಸಾಕು. ಹೊಸ ಲೈನನ್ನು ಶುದ್ಧ ಮಾಡಲು ಪುಡಿಯನ್ನು ನೇರವಾಗಿ ಪೈಪಿನೊಳಗೆ ಸುರಿಯುವವರಿಗೂ ಇದೇ ಎಚ್ಚರಿಕೆ. ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿಕೊಂಡೇ ಬಳಸಬೇಕು.

ಈ ಡಬ್ಬಿಯನ್ನು ಪೆಟ್ರೋಲಿನಂತೆ ನೋಡಿ. ಟೆಟ್ರಾಹೈಡ್ರೋಫ್ಯೂರಾನ್ ಮೈನಸ್ 14 ಡಿಗ್ರಿಯಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಅಂದರೆ ಮನೆಯೊಳಗಿನ ಯಾವ ಹವೆಯಲ್ಲೂ ಅದು ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ, ದೂರದಲ್ಲಿರುವ ಗ್ಯಾಸ್ ಗೀಸರಿನ ಜ್ವಾಲೆಯ ತನಕವೂ ಹೋಗಬಹುದು. ಮೇಲಿನ ಸಣ್ಣ ಕಿಟಕಿ ತೆರೆದರಷ್ಟೇ ಸಾಲದು. ಬಾಗಿಲು ತೆಗೆದು, ನೆಲದ ಮಟ್ಟದಲ್ಲಿ ಗಾಳಿ ಆಡುವಂತೆ ಮಾಡಿ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನೆಲದಡಿಯ ನೀರಿನ ಟ್ಯಾಂಕಿನೊಳಗೆ ಇಳಿದು ನಾಲ್ಕು ಜಾಯಿಂಟು ಹಾಕುತ್ತಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಮೂರನೆಯದು ಮುಗಿಯುವಾಗ ಕೈಯಲ್ಲಿದ್ದ ಬ್ರಷ್ ಎಲ್ಲಿಡಬೇಕು ಅನ್ನುವುದೇ ತಿಳಿಯಲಿಲ್ಲ. ಮೇಲೆ ಕೂತಿದ್ದ ಮೇಸ್ತ್ರಿ ನನ್ನ ಹೆಸರು ಕೂಗಿದ್ದು ಕೇಳಿಸಿತು, ಉತ್ತರ ಕೊಡಲು ಬಾಯಿ ಬರಲಿಲ್ಲ. ಅವರು ಆ ಕ್ಷಣವೇ ಅರ್ಥ ಮಾಡಿಕೊಂಡು, ಮೇಲಿಂದಲೇ ತೋಳು ಹಿಡಿದು ಎಳೆದುಕೊಂಡರು. ಅವತ್ತು ಅವರು ಟೀ ಕುಡಿಯಲು ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಟ್ಟೆಯಾಗಲಿ, ಧೂಳಿನ ಮಾಸ್ಕ್ ಆಗಲಿ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ದ್ರಾವಕದ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಆ ಮಾಸ್ಕನ್ನೂ ನಂಬಿ ಇಳಿಯುವಂತಿಲ್ಲ. ಯಂತ್ರದಿಂದ ಒಳಗೆ ಗಾಳಿ ತುಂಬುತ್ತಿರಬೇಕು, ಮೇಲೆ ಒಬ್ಬರು ಕಾಯುತ್ತಿರಬೇಕು. ಇಷ್ಟಿಲ್ಲದೆ ಇಳಿಯಲೇಬಾರದು.

ನಿಮ್ಮ ತಲೆನೋವು ಆ ಆವಿಯದ್ದೇ ಇರಬೇಕು. ಹೊರಗಿನ ಗಾಳಿಗೆ ಬಂದ ಮೇಲೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ 15 ನಿಮಿಷ ನೀರು ಬಿಟ್ಟುಕೊಂಡು ಆಮೇಲೆ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಅಂಟಿದರೆ ಸೋಪು, ನೀರು ಸಾಕು. ಥಿನ್ನರ್ ಹಾಕಿ ಉಜ್ಜಬೇಡಿ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಲೇಬಲ್ ನೋಡಿದರೆ ಡಾಕ್ಟರಿಗೆ ಒಳಗಿರುವುದೇನು ಗೊತ್ತಾಗುತ್ತದೆ. ನಿಜ ಹೇಳಬೇಕೆಂದರೆ, ಮಕ್ಕಳಿರುವ ಮನೆಯಲ್ಲಿ ಉಳಿದ ಡಬ್ಬಿ ಇಟ್ಟುಕೊಳ್ಳುವುದೇ ನನಗೆ ಇಷ್ಟವಿಲ್ಲ. ರಿಪೇರಿ ಮಾಡಿದವರಿಗೇ ಕೊಟ್ಟುಬಿಡಿ.

ಪ್ರಶ್ನೆ: ಉಳಿದ ಪೈಪ್ ತುಂಡುಗಳನ್ನು ಸುಡಬಹುದೇ? ಹಳೆಯ ಸಲ್ಯೂಷನ್ನನ್ನು ಚರಂಡಿಗೆ ಚೆಲ್ಲಬಹುದೇ?

ಎರಡೂ ಬೇಡ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಮೂಗು, ಗಂಟಲಿನ ತೇವ ಸೇರಿ ಆಮ್ಲವಾಗುತ್ತದೆ. ಚರಂಡಿಗೆ ಚೆಲ್ಲಿದ ಸಲ್ಯೂಷನ್ ಚರಂಡಿಯ ಪ್ಲಾಸ್ಟಿಕ್ ಪೈಪನ್ನೇ ಕರಗಿಸುತ್ತದೆ, ಅದರ ಆವಿಯೂ ಅಲ್ಲೇ ನಿಲ್ಲುತ್ತದೆ. ಹಳೆ ಪೇಂಟು, ಥಿನ್ನರ್ ತೆಗೆದುಕೊಳ್ಳುವ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಡಿ.

ಪ್ರಶ್ನೆ: ತೋಟಕ್ಕೆ ಕಪ್ಪು ಎಚ್‌ಡಿಪಿಇ ಪೈಪಿನ ಸುರುಳಿ ತಂದಿದ್ದೇನೆ. ಇದನ್ನೂ ನೆರಳಲ್ಲೇ ಇಡಬೇಕೇ? ಇದೇ ಸಲ್ಯೂಷನ್ ಬಳಸಬಹುದೇ?

ಬಿಸಿಲಿಗೆ ಅದು ಅಷ್ಟು ಹೆದರುವುದಿಲ್ಲ. ಆ ಕಪ್ಪು ಬಣ್ಣ ಬರುವುದು ಎರಡು, ಎರಡೂವರೆ ಶೇಕಡಾ ಬೆರೆಸಿದ ಕಾರ್ಬನ್ ಬ್ಲ್ಯಾಕಿನಿಂದ. ಅದೇ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಆದರೂ ಕಾದು ಮೆತ್ತಗಾದ ಸುರುಳಿಯ ಮೇಲೆ ಭಾರ ಇಡಬೇಡಿ. ಸುರುಳಿಯನ್ನು ಮಲಗಿಸಿಡಿ, ನಿಲ್ಲಿಸಬೇಡಿ. ಸಲ್ಯೂಷನ್ ಇದಕ್ಕೆ ಹಿಡಿಯುವುದೇ ಇಲ್ಲ, ಏಕೆಂದರೆ ಎಚ್‌ಡಿಪಿಇ ಪಾಲಿಥೀನಿನ ಒಂದು ಬಗೆ, ಆ ದ್ರಾವಕಗಳು ಅದನ್ನು ಕರಗಿಸಲಾರವು. ಬಿಗಿಯುವ ಫಿಟ್ಟಿಂಗ್ ಅಥವಾ ಕಾಯಿಸಿ ಕೂಡಿಸುವ ಯಂತ್ರ ಬೇಕು.

ಕಟ್ಟು ಬಿಚ್ಚುವಾಗ ಮಾತ್ರ ಹುಷಾರಾಗಿರಿ. ಸುತ್ತಿದ ಪೈಪು ಒತ್ತಿಟ್ಟ ಸ್ಪ್ರಿಂಗಿನ ಹಾಗೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಕತ್ತರಿಸಿದ. ಪೈಪಿನ ತುದಿ ಚಿಮ್ಮಿ ಅವನ ಕೆನ್ನೆಗೆ ಬಡಿದು ಮೂರು ಹೊಲಿಗೆ ಬಿತ್ತು. ಒಬ್ಬರು ಹೊರತುದಿಯನ್ನು ಗಟ್ಟಿಯಾಗಿ ಹಿಡಿದಿರಲಿ. ಹೊರಸುತ್ತಿನ ಪಟ್ಟಿ ಮೊದಲು ಕತ್ತರಿಸಿ, ಅಷ್ಟು ಪೈಪು ಬಿಚ್ಚಿಕೊಂಡು ನೆಲಕ್ಕೆ ಹಾಸಿ, ಆಮೇಲೆ ಮುಂದಿನ ಪಟ್ಟಿಗೆ ಕೈ ಹಾಕಿ.